ಪ್ಲೇಟ್‌ಗಳ ನಡುವಿನ ಪೇಂಟ್: ಬೇಡವೆಂದಿದ್ದೇ ಬೇಕಾದ ಕಥೆ

ಉಕ್ಕಿನ ಸೇತುವೆಯ ಜಾಯಿಂಟ್ ನೋಡಿದರೆ ಭಾರವನ್ನೆಲ್ಲ ಬೋಲ್ಟ್‌ಗಳೇ ಹೊತ್ತಿವೆ ಅನ್ನಿಸುತ್ತದೆ, ಅಲ್ವಾ? ಫ್ರಿಕ್ಷನ್ ಜಾಯಿಂಟ್‌ನಲ್ಲಿ ಹಾಗಲ್ಲ. ಬೋಲ್ಟ್ ಪ್ಲೇಟ್‌ಗಳನ್ನು ಅದುಮಿ ಹಿಡಿಯುತ್ತದೆ, ಅಷ್ಟೇ. ಜಾರದಂತೆ ತಡೆಯುವುದು ಪ್ಲೇಟ್‌ಗಳ ನಡುವಿನ ಘರ್ಷಣೆ.

ಬೋಲ್ಟ್ ಬದಲು ರಿವೆಟ್, ಅಂದರೆ ಕಾಯಿಸಿ ಬಡಿದು ಕೂರಿಸುವ ಲೋಹದ ಮೊಳೆ ಬಳಸುತ್ತಿದ್ದ ಕಾಲದಲ್ಲಿ ಈ ಹಿಡಿತವನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಕಾದ ರಿವೆಟ್ ತಣಿದು ಕುಗ್ಗುವಾಗ ಪ್ಲೇಟ್‌ಗಳು ಬಿಗಿಯುತ್ತಿದ್ದವು ನಿಜ, ಆದರೆ ಒಂದು ಬಿಗಿದಷ್ಟು ಇನ್ನೊಂದು ಬಿಗಿಯುತ್ತಿರಲಿಲ್ಲ. ಗಟ್ಟಿ ಉಕ್ಕಿನ ಬೋಲ್ಟ್ ಸಾಕಷ್ಟು ಬಿಗಿದರೆ ಜಾಯಿಂಟ್ ಜಾರುವುದೇ ಇಲ್ಲ ಎಂದು 1934ರಲ್ಲಿ ಬ್ರಿಟನ್ನಿನ ಸಂಶೋಧಕರಾದ ಬಾಥೋ ಮತ್ತು ಬೇಟ್‌ಮನ್ ತೋರಿಸಿದರು. ಅಮೆರಿಕದಲ್ಲಿ 1947ರಲ್ಲಿ ಇದಕ್ಕೆಂದೇ ಸಂಶೋಧನಾ ಮಂಡಳಿ ಹುಟ್ಟಿತು, 1951ರಲ್ಲಿ ಮೊದಲ ನಿಯಮಾವಳಿ ಬಂತು.

ಆಗ ಪೇಂಟ್ ಎಂದರೆ ಶತ್ರು. ಮಾಮೂಲಿ ಪೇಂಟ್ ಮೆತ್ತಗಿರುತ್ತದೆ, ಒತ್ತಡಕ್ಕೆ ಸಿಕ್ಕರೆ ಜಾರುತ್ತದೆ. ಬರಿ ಉಕ್ಕನ್ನೇ ಬಿಟ್ಟರೆ ಜೋಡಿಸುವಷ್ಟರಲ್ಲಿ ತುಕ್ಕು.

ಮೇಲ್ಮೈ ಹೇಗಿದೆ ಅನ್ನುವುದು ಸಣ್ಣ ವಿಷಯವಲ್ಲ. 8.8 ಎಂಬ ಬಲದ ದರ್ಜೆಯ ಎಂ20 (20 ಮಿ.ಮೀ. ವ್ಯಾಸದ) ಬೋಲ್ಟ್ ಪೂರ್ತಿ ಬಿಗಿದಾಗ ಸುಮಾರು 14 ಟನ್ ಅದುಮುತ್ತದೆ. ಘರ್ಷಣೆಯ ಅಂಕ (ಅದುಮುವ ಬಲದಲ್ಲಿ ಎಷ್ಟು ಪಾಲು ಜಾರುವುದನ್ನು ತಡೆಯುತ್ತದೆ ಎಂಬ ಸಂಖ್ಯೆ) 0.2 ಇದ್ದರೆ, ಸುರಕ್ಷತೆಗೆ ಬಿಡುವ ಪಾಲನ್ನು ಕಳೆಯುವ ಮುಂಚೆ, ಒಂದಕ್ಕೊಂದು ತಾಗಿದ ಒಂದು ಜೋಡಿ ಮೇಲ್ಮೈಯಲ್ಲಿ ಸಿಗುವ ತಡೆ 2.8 ಟನ್. 0.5 ಇದ್ದರೆ 7 ಟನ್. ಬೋಲ್ಟ್ ಅದೇ, ಬದಲಾಗಿದ್ದು ಮೇಲ್ಮೈ ಮಾತ್ರ!

ಗ್ಯಾಲ್ವನೈಸಿಂಗ್, ಅಂದರೆ ಉಕ್ಕಿಗೆ ಸತುವಿನ ಹೊದಿಕೆ ಕೊಡುವುದು, ತುಕ್ಕನ್ನು ತಡೆಯಿತು, ಆದರೆ ಅದರ ಹೊರಪದರ ಮೆದುವಾದ ಶುದ್ಧ ಸತು. ಅದನ್ನು ಕೈಯಿಂದ ವೈರ್ ಬ್ರಷ್‌ನಲ್ಲಿ ಉಜ್ಜಿ ಒರಟು ಮಾಡಬೇಕೆಂಬ ನಿಯಮ ಬಂತು. ಮಷೀನ್ ಬ್ರಷ್ ಬೇಡ ಎಂದರು, ಯಾಕೆಂದರೆ ಅದು ಒರಟು ಮಾಡುವ ಬದಲು ಪಾಲಿಶ್ ಮಾಡಿಬಿಡುತ್ತದೆ.

ದಾರಿ ಸಿಕ್ಕಿದ್ದು ಜಿಂಕ್ ಸಿಲಿಕೇಟ್‌ನಲ್ಲಿ, ಅಂದರೆ ಸತುವಿನ ಪುಡಿಯನ್ನು ಸಿಲಿಕೇಟ್ ಅಂಟಿನಲ್ಲಿ ಬೆರೆಸಿದ ಪೇಂಟ್‌ನಲ್ಲಿ. 1930ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಬೆಳೆದ ಈ ಲೇಪನವನ್ನು 1940ರ ದಶಕದಲ್ಲಿ ಅಲ್ಲಿನ ಮೋರ್ಗನ್–ವಯಾಲಾ ನೀರಿನ ಪೈಪ್‌ಲೈನ್‌ಗೆ ಬಳಿದಿದ್ದು ತುಕ್ಕು ತಡೆಯಲಿಕ್ಕೆ. ಆದರೆ ಗ್ರಿಟ್ ಬ್ಲಾಸ್ಟ್ ಮಾಡಿದ, ಅಂದರೆ ಗಟ್ಟಿ ಹರಳುಗಳನ್ನು ರಭಸದಿಂದ ಎರಚಿ ಒರಟು ಮಾಡಿದ ಉಕ್ಕಿನ ಮೇಲೆ ಇದು ಗಟ್ಟಿಯಾಗಿ, ತರಿತರಿಯಾಗಿ ಕೂರುತ್ತದೆ, ಹಾಗಾಗಿ ಒಳ್ಳೆಯ ಲೇಪನಗಳು 0.5 ಮುಟ್ಟುತ್ತವೆ. ಒಂದೇ ಪದರದಲ್ಲಿ ರಕ್ಷಣೆಯೂ ಹಿಡಿತವೂ ಸಿಕ್ಕಿತು. ನನ್ನ ಲೆಕ್ಕದಲ್ಲಿ ಈ ಇಡೀ ಕಥೆಯ ದೊಡ್ಡ ತಿರುವು ಇದೇ.

ಹಾಗಂತ ಡಬ್ಬದ ಮೇಲೆ ಜಿಂಕ್ ಅಂತಿದ್ದರೆ ಸಾಲದು. 1985ರಲ್ಲಿ ಅಮೆರಿಕದ ಎಂಜಿನಿಯರ್‌ಗಳಾದ ಯೂರಾ ಮತ್ತು ಫ್ರಾಂಕ್ ರೂಪಿಸಿದ ಪರೀಕ್ಷೆ, ಲೇಪನ ಎಷ್ಟಕ್ಕೆ ಜಾರುತ್ತದೆ ಎಂದು ನೋಡುವುದರ ಜೊತೆಗೆ ಭಾರ ಹೊರಿಸಿ 1000 ಗಂಟೆ ಬಿಟ್ಟು ನಿಧಾನಕ್ಕೆ ಸರಿಯುತ್ತದಾ ಎಂದೂ ಅಳೆಯುತ್ತದೆ. ಆ ಫಲಿತಾಂಶ ಆ ಲೇಪನಕ್ಕೆ, ಆ ದಪ್ಪಕ್ಕೆ, ಅಷ್ಟು ಹೊತ್ತು ಒಣಗಿಸಿದ್ದಕ್ಕೆ ಮಾತ್ರ ಸಲ್ಲುತ್ತದೆ. ಅವಸರದಲ್ಲಿ ಹಸಿ ಲೇಪನದ ಮೇಲೆ ಪ್ಲೇಟ್ ಜೋಡಿಸಿದರೆ ಆ 0.5 ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಡ್ರಾಯಿಂಗ್‌ನಲ್ಲಿ ಸುಮ್ನೆ ಅಂಕ ಬರೆಯದೆ, ದಪ್ಪವನ್ನೂ ಒಣಗುವ ಅವಧಿಯನ್ನೂ ಪಕ್ಕದಲ್ಲೇ ಬರೆಯಬೇಕು.