ಸಮರಕಲೆಗೆ ಸೇರುವ ಮುನ್ನ: ಹೊಸ ಕಲಿಕೆಯವರಿಗಾಗಿ ಅಧ್ಯಯನ ಟಿಪ್ಪಣಿ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಸಮರಕಲೆ ಕಲಿಯಲು ಹೊರಟವರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ಶಾಲೆಯ ಮೈದಾನದಲ್ಲೋ ಬಾಡಿಗೆ ಸಭಾಂಗಣದಲ್ಲೋ ಸಂಜೆ ನಡೆಯುವ ಕರಾಟೆ ತರಗತಿ. ಹನುಮಪ್ಪನ ಗುಡಿಯ ಬದಿಯಲ್ಲಿ ಗರಡಿಮನೆ ಇನ್ನೂ ಉಳಿದಿರುವ ಊರುಗಳೂ ಇವೆ. ದೊಡ್ಡ ಊರುಗಳಲ್ಲಿ ಟೇಕ್ವಾಂಡೋ ಮತ್ತು ಕಿಕ್ ಬಾಕ್ಸಿಂಗ್ ಹೇಳಿಕೊಡುವವರು ಸಿಗುತ್ತಾರೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬಾಕ್ಸಿಂಗ್, ಕುಸ್ತಿ, ಜೂಡೋ ಪಟುಗಳು ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಮಟ್ಟಕ್ಕೆ ತಯಾರಾಗುತ್ತಾರೆ, ಆದರೆ ಅದು ಆಯ್ಕೆಯಾದವರ ಕೇಂದ್ರ. ಸಂಜೆ ಕೆಲಸ ಮುಗಿಸಿ ಒಂದು ಗಂಟೆ ಕಲಿಯಬೇಕೆನ್ನುವವರು ತಮ್ಮ ಓಣಿಯ ಆಸುಪಾಸಿನಲ್ಲಿ ಇರುವುದರಲ್ಲೇ ಆರಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಯಾವ ಕಲೆ ಶ್ರೇಷ್ಠ ಎಂಬ ವಾದಕ್ಕಿಂತ, ಹತ್ತಿರದ ಎರಡು ಮೂರು ತರಗತಿಗಳಲ್ಲಿ ಯಾವುದು ನಿಜವಾಗಿ ಕಲಿಸುತ್ತದೆ ಎಂದು ಗುರುತಿಸುವ ಬಗೆ ತಿಳಿದಿರುವುದು ಹೆಚ್ಚು ಉಪಯುಕ್ತ.

ಕಲೆಗಳ ಎರಡು ಗುಂಪು

ಕುಸ್ತಿ, ಜೂಡೋ, ಬ್ರೆಜಿಲಿಯನ್ ಜಿಯು-ಜಿತ್ಸು ಇವು ಹಿಡಿದು ಕೆಡಹುವ ಕಲೆಗಳು. ಕರಾಟೆ, ಟೇಕ್ವಾಂಡೋ, ಬಾಕ್ಸಿಂಗ್, ಮುಯ್ ಥಾಯ್ ಇವು ಹೊಡೆತದ ಕಲೆಗಳು. ಕೇರಳದ ಕಳರಿಪಯಟ್ಟಿನಲ್ಲಿ ಮೈಪಳಗಿಸುವ ವ್ಯಾಯಾಮದಿಂದ ಆರಂಭಿಸಿ ಕೋಲು, ನಂತರ ಲೋಹದ ಆಯುಧ, ಕೊನೆಗೆ ಬರಿಗೈ ವರಸೆ ಎಂಬ ಕ್ರಮವಿದೆ. ಕರಾಟೆಯೊಳಗೆ ಶೋತೋಕಾನ್, ಗೋಜು-ರ್ಯು, ಶಿತೋ-ರ್ಯು, ವಾಡೋ-ರ್ಯು ಎಂಬ ನಾಲ್ಕು ಪ್ರಮುಖ ಶಾಖೆಗಳಿವೆ. ಶೋತೋಕಾನ್‌ನಲ್ಲಿ ಕಾಲುಗಳನ್ನು ಅಗಲಿಸಿ ತಗ್ಗಿ ನಿಲ್ಲುವ ನಿಲುವು ಹೆಚ್ಚು, ಗೋಜು-ರ್ಯುವಿನಲ್ಲಿ ಉಸಿರಾಟಕ್ಕೂ ಸಮೀಪದ ಕಾದಾಟಕ್ಕೂ ಒತ್ತು ಹೆಚ್ಚು. ಮೊದಲ ವರ್ಷದ ವಿದ್ಯಾರ್ಥಿಗೆ ಈ ವ್ಯತ್ಯಾಸಗಳು ಅಷ್ಟೇನೂ ಮುಖ್ಯವಲ್ಲ ಎಂಬುದು ನನ್ನ ಅಭಿಪ್ರಾಯ.

ಎದುರಾಳಿ ತಡೆಯುವ ಅಭ್ಯಾಸ ಇದೆಯೇ

1882ರಲ್ಲಿ ಟೋಕಿಯೋದಲ್ಲಿ ಜಿಗೊರೊ ಕಾನೊ ಅವರು ಜೂಡೋವನ್ನು ರೂಪಿಸಿದಾಗ ಹಳೆಯ ಜುಜುತ್ಸು ಪದ್ಧತಿಗಳ ಅತಿ ಅಪಾಯಕಾರಿ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಮೇಲುನೋಟಕ್ಕೆ ಇದರಿಂದ ಕಲೆ ಮೆತ್ತಗಾಗಬೇಕಿತ್ತು. ಆದದ್ದು ಬೇರೆ. ಕಣ್ಣು ತಿವಿಯುವುದು, ಸಣ್ಣ ಕೀಲು ಮುರಿಯುವುದು ಮೊದಲಾದವನ್ನು ಜೊತೆಗಾರನ ಮೇಲೆ ಪೂರ್ಣ ಬಲದಿಂದ ಪ್ರಯೋಗಿಸಿ ನೋಡಲು ಯಾರಿಂದಲೂ ಸಾಧ್ಯವಿಲ್ಲವಾದ್ದರಿಂದ ಅವು ಕೊನೆಯವರೆಗೂ ನಟನೆಯಾಗಿಯೇ ಉಳಿಯುತ್ತವೆ. ಎತ್ತಿ ಕೆಡಹುವುದು, ನೆಲಕ್ಕೆ ಅದುಮಿ ಹಿಡಿಯುವುದು ಇವನ್ನಾದರೋ ಬಿಡಿಸಿಕೊಳ್ಳಲು ಮನಃಪೂರ್ವಕವಾಗಿ ಒದ್ದಾಡುವವನ ಮೇಲೆಯೇ ದಿನವೂ ಮಾಡಿ ನೋಡಬಹುದು. ಜೂಡೋದಲ್ಲಿ ರಾಂಡೋರಿ ಎನ್ನುವ ಈ ಮುಕ್ತ ಅಭ್ಯಾಸವೇ ಅದರ ವಿದ್ಯಾರ್ಥಿಗಳನ್ನು ಗಟ್ಟಿಗೊಳಿಸಿತು. ಗರಡಿಯಲ್ಲಿ ಜೋಡಿ ಕಟ್ಟಿ ಆಡುವ ಜೋರ್, ಬಾಕ್ಸಿಂಗ್‌ನ ಸ್ಪಾರಿಂಗ್ ಇವೆರಡೂ ಇದೇ ಕೆಲಸ ಮಾಡುತ್ತವೆ.

ಕರಾಟೆಯ ತರಬೇತಿಯಲ್ಲಿ ಮೂರು ಭಾಗಗಳಿವೆ: ಒಂದೊಂದು ಹೊಡೆತ, ತಡೆಗಳನ್ನು ಪ್ರತ್ಯೇಕವಾಗಿ ತಿದ್ದುವ ಕಿಹೋನ್, ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಕಾತಾ, ಜೊತೆಗಾರನೊಡನೆ ಸೆಣಸುವ ಕುಮಿತೆ. ಮೊದಲ ಎರಡರಿಂದ ನಿಲುವು, ಸಮತೋಲ, ಉಸಿರಿನ ಹದ ಬರುತ್ತವೆ, ಅವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ವರ್ಷ ಕಳೆದರೂ ಕುಮಿತೆಯೇ ಇಲ್ಲದ ತರಗತಿಯಲ್ಲಿ ಕಲಿಯುವುದು ತುಂಗಭದ್ರೆಯ ಕಾಲುವೆ ದಂಡೆಯ ಮೇಲೆ ನಿಂತು ಈಜು ಕಲಿತಂತೆಯೇ ಸರಿ: ಕೈಬೀಸು ಸೊಗಸಾಗಿರುತ್ತದೆ, ನೀರಿನ ಸೆಳೆತ ಮಾತ್ರ ಗೊತ್ತಿರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಸೇರಿದ ಮೊದಲ ವಾರದಲ್ಲೇ ಹೊಸಬನನ್ನು ಅನುಭವಿಯ ಎದುರು ನಿಲ್ಲಿಸಿ ಹೊಡೆಸುವ ತರಗತಿಯೂ ತರವಲ್ಲ. ತಡೆಯ ಪ್ರಮಾಣ ಹಂತಹಂತವಾಗಿ ಏರಬೇಕು: ಮೊದಲು ಜೊತೆಗಾರ ಸುಮ್ಮನೆ ನಿಲ್ಲುತ್ತಾನೆ, ಆಮೇಲೆ ನಡೆದಾಡುತ್ತಾನೆ, ಬಳಿಕ ಅರ್ಧ ಬಲದಿಂದ ತಡೆಯುತ್ತಾನೆ, ಕೊನೆಗೆ ನಿಜವಾಗಿ ಸೋಲಿಸಲು ಯತ್ನಿಸುತ್ತಾನೆ.

ಆಟದ ನಿಯಮಗಳೂ ದೇಹಕ್ಕೆ ಅಭ್ಯಾಸಗಳನ್ನು ಕಲಿಸುತ್ತವೆ ಎಂಬುದನ್ನು ಇಲ್ಲಿ ಸೇರಿಸಬೇಕು. ಒಲಿಂಪಿಕ್ ಟೇಕ್ವಾಂಡೋದಲ್ಲಿ ತಲೆಗೆ ಬೀಳುವ ಒದೆತಕ್ಕೆ ಹೊಟ್ಟೆ-ಎದೆಗೆ ಬೀಳುವ ಒದೆತಕ್ಕಿಂತ ಹೆಚ್ಚು ಅಂಕ ಇದೆ, ಮುಖಕ್ಕೆ ಗುದ್ದಲು ಅನುಮತಿಯಿಲ್ಲ. ಹೀಗಾಗಿ ಅಲ್ಲಿ ಪಳಗಿದವರ ಕಾಲು ಚುರುಕಾಗಿದ್ದರೂ ಕೈಗಳು ತಗ್ಗಿರುತ್ತವೆ. ಬಾಕ್ಸರ್‌ಗೆ ಕಾಲಿನ ಹೊಡೆತ ತಡೆದು ಗೊತ್ತಿರುವುದಿಲ್ಲ, ಜೂಡೋ ಪಟುವಿಗೆ ಗುದ್ದಿನ ಪರಿಚಯವಿರುವುದಿಲ್ಲ. ತಾನು ಕಲಿಯುವ ಕಲೆ ಯಾವುದನ್ನು ಬಿಟ್ಟಿದೆ ಎಂದು ವಿದ್ಯಾರ್ಥಿಗೆ ತಿಳಿದಿರಬೇಕು. ದೇಹತೂಕದ ವಿಷಯವೂ ಹಾಗೆಯೇ: ತಂತ್ರವೊಂದಿದ್ದರೆ ಎಂಥ ದೊಡ್ಡವನನ್ನೂ ಮಣಿಸಬಹುದು ಎಂದು ಹೇಳಿ ಸೇರಿಸಿಕೊಳ್ಳುವವರಿದ್ದಾರೆ, ಆದರೆ ಒಲಿಂಪಿಕ್ ಜೂಡೋದಲ್ಲಿ ಪುರುಷರಿಗೆ 60 ಕಿಲೋದಿಂದ ಹಿಡಿದು 100 ಕಿಲೋ ಮೀರಿದವರವರೆಗೆ 7 ತೂಕವಿಭಾಗಗಳಿವೆ.

ನಮ್ಮ ಕಡೆಯ ಗರಡಿ

ಕರಾಟೆಯ ಬಿಳಿ ಉಡುಪಿನ ಆಕರ್ಷಣೆಯಲ್ಲಿ ಗರಡಿಯನ್ನು ಹಳೆಯ ಕಾಲದ್ದೆಂದು ಬದಿಗಿಡುವ ಯುವಕರಿಗೆ ಈ ನೆಲದ ಮಾತೊಂದನ್ನು ನೆನಪಿಸಬೇಕು. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿದ್ದಾನೆ. ಅರಸನು ನಸುಕಿಗೆ ಮುಂಚೆಯೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಭಾರ ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸಿ, ಬಳಿಕ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ ಆಡಿ, ಆಮೇಲೆ ಬೆಳಗಾಗುವವರೆಗೆ ಕುದುರೆ ಓಡಿಸುತ್ತಿದ್ದನಂತೆ. ಎಣ್ಣೆ ಕುಡಿಯುವುದನ್ನು ಯಾರೂ ಅನುಕರಿಸಬೇಕಿಲ್ಲ. ಮೊದಲು ಮೈ ಕಾಯಿಸಿ, ನಂತರ ಬಲದ ಕೆಲಸ, ಆ ಮೇಲೆ ಜೋಡಿಯೊಡನೆ ಸೆಣಸಾಟ ಎಂಬ ಆ ಕ್ರಮದಲ್ಲಿ ಮಾತ್ರ ಇಂದಿನ ತರಬೇತುದಾರರಿಗೂ ತಪ್ಪು ಕಾಣುವುದಿಲ್ಲ.

ಗರಡಿಯ ದಂಡ, ಬಸ್ಕಿಗಳಿಗೆ ಸಲಕರಣೆ ಬೇಡ, ಸಮವಸ್ತ್ರದ ಖರ್ಚೂ ಇಲ್ಲ. ಮೃದುವಾಗಿ ಅಗೆದು ಹದ ಮಾಡಿದ ಕೆಮ್ಮಣ್ಣು ಬಿದ್ದವರನ್ನು ತಕ್ಕಮಟ್ಟಿಗೆ ಕಾಯುತ್ತದೆ. ಕಾರಹುಣ್ಣಿಮೆಯ ಸಮಯದಲ್ಲಿ ರಾಯಚೂರಿನಲ್ಲಿ ನಡೆಯುವ ಕುಸ್ತಿಯನ್ನಾಗಲಿ, ಊರ ಜಾತ್ರೆಗಳಲ್ಲಿ ಸೋಲು-ಗೆಲುವು ತೀರ್ಮಾನವಾಗುವವರೆಗೆ ನಡೆಯುವ ನಿಕಾಲಿ ಕುಸ್ತಿಯನ್ನಾಗಲಿ ನೋಡಿದವರಿಗೆ ಅಲ್ಲಿ ಅಂಕಗಳಿಗಿಂತ ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿ ಚಿತ್ ಮಾಡುವುದೇ ಮುಖ್ಯವೆಂದು ಗೊತ್ತಿರುತ್ತದೆ. ಮ್ಯಾಟ್ ಮೇಲಿನ ಫ್ರೀಸ್ಟೈಲ್ ಕುಸ್ತಿಯದು ಬೇರೆ ಲೆಕ್ಕ: 3 ನಿಮಿಷಗಳ ಎರಡು ಸುತ್ತು, ಪ್ರತಿ ಪಟ್ಟಿಗೆ ಅಂಕ, 10 ಅಂಕಗಳ ಮುನ್ನಡೆ ಸಿಕ್ಕರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಮಣ್ಣಿನಲ್ಲಿ ಕಾದು ಸಮಯ ನೋಡಿ ಪಟ್ಟು ಹಾಕುವವನು ಮ್ಯಾಟ್ ಮೇಲೆ ಕಾಯುತ್ತ ನಿಂತರೆ ಸೋಲುತ್ತಾನೆ. ಹಾಗೆಂದು ಈ ಎರಡರ ನಡುವೆ ದಾಟಲಾಗದ ಗೋಡೆಯೇನಿಲ್ಲ; 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವ್ ಸತಾರಾ ಕಡೆಯ ಮಣ್ಣಿನ ಕುಸ್ತಿಯಿಂದಲೇ ಬಂದವರು.

ಗರಡಿಗೂ ಮಿತಿಯಿದೆ. ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದ ಗರಡಿಗಳು ಈಗಲೂ ಇವೆ, ವಿಜಯನಗರದ ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರಿದ್ದರೆಂದು ಮತ್ತೊಬ್ಬ ಪೋರ್ಚುಗೀಸ್ ಬರಹಗಾರ ನುನಿಜ್ ದಾಖಲಿಸಿದ್ದರೂ ಸಹ.

ತರಗತಿಯನ್ನು ನೋಡಿ ಬರುವುದು

ಹಣ ಕಟ್ಟುವ ಮೊದಲು ಒಂದು ಪೂರ್ತಿ ತರಗತಿಯನ್ನು ಬದಿಯಲ್ಲಿ ಕುಳಿತು ನೋಡಬೇಕು. ನೋಡಲು ಬಿಡದ ಕಡೆ ಸೇರುವ ಅಗತ್ಯವಿಲ್ಲ. ಮಾಸ್ತರರು ತಪ್ಪನ್ನು ಹೇಗೆ ತಿದ್ದುತ್ತಾರೆ, ಬಲಿಷ್ಠರಾದ ಹಳಬರು ಹೊಸಬರ ಜೊತೆ ಬಲ ತಗ್ಗಿಸಿ ಆಡುತ್ತಾರೋ ಇಲ್ಲವೋ, ಯಾರಿಗಾದರೂ ನೋವಾದಾಗ ತರಗತಿ ನಿಲ್ಲುತ್ತದೋ ಅಥವಾ ನಗೆ ಏಳುತ್ತದೋ ಎಂಬ ಸಂಗತಿಗಳು ಗೋಡೆಯ ಮೇಲಿನ ಪ್ರಮಾಣಪತ್ರಗಳಿಗಿಂತ ಹೆಚ್ಚು ಹೇಳುತ್ತವೆ. ಮಕ್ಕಳ ತರಗತಿಯಾದರೆ ತಲೆಗೆ ಹೊಡೆಯಲು ಬಿಡುತ್ತಾರೆಯೇ ಎಂದು ನೇರವಾಗಿ ಕೇಳಬೇಕು. ಚಿಕ್ಕ ಮಕ್ಕಳನ್ನು ಮೊದಲು ಜೂಡೋ ಅಥವಾ ಕುಸ್ತಿಗೆ ಹಾಕುವುದು ಮೇಲು ಎಂಬುದು ನನ್ನ ನಿಲುವು.

ಬೆಲ್ಟ್‌ಗಳ ಬಗ್ಗೆ ಒಂದೆರಡು ಮಾತು ಸಾಕು. ಕಪ್ಪು ಬೆಲ್ಟ್‌ನ ಮಟ್ಟಗಳನ್ನು ಸೂಚಿಸುವ ಡಾನ್ ದರ್ಜೆಯ ಪದ್ಧತಿ ಜೂಡೋದಿಂದ ಕರಾಟೆಗೆ ಬಂದದ್ದು. ಒಕಿನಾವಾದಿಂದ 1922ರಲ್ಲಿ ಟೋಕಿಯೋಗೆ ಹೋದ ಗಿಚಿನ್ ಫುನಾಕೋಶಿ ತಮ್ಮ ಶಿಷ್ಯರಿಗೆ ಮೊದಲ ಡಾನ್ ದರ್ಜೆ ಕೊಟ್ಟದ್ದು 1924ರಲ್ಲಿ. ಬಣ್ಣ ಬದಲಾಗುವ ಪ್ರತಿ ಪರೀಕ್ಷೆಗೂ ಶುಲ್ಕವಿರುತ್ತದೆಯಾದ್ದರಿಂದ ಕಪ್ಪು ಬೆಲ್ಟ್‌ವರೆಗಿನ ಒಟ್ಟು ಖರ್ಚನ್ನು ಆರಂಭದಲ್ಲೇ ವಿಚಾರಿಸುವುದು ಒಳಿತು. ಇಷ್ಟೇ ತಿಂಗಳಲ್ಲಿ ಕಪ್ಪು ಬೆಲ್ಟ್ ಎಂದು ಭರವಸೆ ಕೊಡುವವರು ಮಾರುತ್ತಿರುವುದು ಬೆಲ್ಟನ್ನೇ. ಕ್ರೀಡಾ ಕೋಟಾದ ಆಸೆಯಿದ್ದವರು ಆ ಸಂಸ್ಥೆಯ ಪ್ರಮಾಣಪತ್ರಕ್ಕೆ ಮಾನ್ಯತೆ ಇದೆಯೇ ಎಂದು ಜಿಲ್ಲಾ ಕ್ರೀಡಾ ಇಲಾಖೆಯಲ್ಲಿ ಕೇಳಿ ತಿಳಿಯಬೇಕು. ಕರಾಟೆ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮಾತ್ರ ಇತ್ತು, 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ ಎಂಬುದೂ ಗಮನದಲ್ಲಿರಲಿ.

ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಪ್ರಶಿಕ್ಷಣ ಎಂಬ ಸ್ವರಕ್ಷಣೆಯ ಯೋಜನೆಯಡಿ ಮೂರು ತಿಂಗಳ ತರಬೇತಿ ಕೊಡಲಾಗುತ್ತದೆ. ಅಷ್ಟು ಅವಧಿಯಲ್ಲಿ ಗಟ್ಟಿಯಾಗಿ ಕೂಗುವುದು, ಯಾರಾದರೂ ಕೈ ಹಿಡಿದರೆ ಅದನ್ನು ಹಿಡಿದವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಬಿಡಿಸಿಕೊಳ್ಳುವುದು, ಓಡಿ ಜನರಿರುವಲ್ಲಿಗೆ ಸೇರಿ 112ಕ್ಕೆ ಕರೆ ಮಾಡುವುದು ಇವನ್ನು ಕಲಿಯಬಹುದು. ಚಾಕು ಹಿಡಿದವನ ಕೈಯಿಂದ ಅದನ್ನು ಕಸಿಯುವ ಪಾಠವನ್ನು ಹೊಸಬರಿಗೆ ಹೇಳಿಕೊಡುವವರಿಂದ ದೂರವಿರುವುದು ಕ್ಷೇಮ.

ಮೊದಲ ತಿಂಗಳುಗಳು

ಹಿಡಿತದ ಕಲೆಗೆ ಸೇರಿದವರು ಮೊದಲು ಬೀಳುವುದನ್ನು ಕಲಿಯುತ್ತಾರೆ. ಗದ್ದವನ್ನು ಎದೆಗೆ ಒತ್ತಿ ಹಿಂದಲೆ ನೆಲಕ್ಕೆ ತಾಗದಂತೆ ನೋಡಿಕೊಳ್ಳುವುದು, ಕೈಯೂರದೆ ಇಡೀ ತೋಳಿನಿಂದ ನೆಲವನ್ನು ಬಡಿಯುವುದು ಇದರ ಸಾರ. ಬೀಳುವಾಗ ಅಂಗೈ ಊರಿದರೆ ಮಣಿಕಟ್ಟು ಮುರಿಯಬಹುದು. ಕೀಲು ಮಡಚಿದಾಗ ನೋವಿಗೆ ಕಾಯದೆ ಜೊತೆಗಾರನ ಮೈಯನ್ನು ಎರಡು ಸಲ ತಟ್ಟಿ ಸೋಲೊಪ್ಪಬೇಕು, ತಟ್ಟಿದ ಕೂಡಲೇ ಅವನು ಬಿಡಬೇಕು. ಹೊಡೆತದ ಕಲೆಯಲ್ಲಿ ಹೆಬ್ಬೆರಳು ಮುಷ್ಟಿಯ ಹೊರಗಿರಬೇಕು, ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳು ಮೊದಲು ತಾಗಬೇಕು. ಕಿರುಬೆರಳಿನ ಕಡೆಯಿಂದ ಗುದ್ದಿದರೆ ಅಂಗೈಯ ಎಲುಬು ಮುರಿಯುವುದುಂಟು. ತಲೆಗೆ ಪೆಟ್ಟುಬಿದ್ದು ತಲೆನೋವು, ವಾಂತಿ, ಮರೆವು ಕಾಣಿಸಿದರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಬೇಕು, ವೈದ್ಯರು ಹೇಳುವವರೆಗೆ ಸೆಣಸಾಟಕ್ಕೆ ಮರಳಬಾರದು. ಮೈಗೆ ಮೈ ತಾಗುವ ಕಲೆಗಳಲ್ಲಿ ಹುಳುಕಡ್ಡಿ ಬೇಗ ಹರಡುತ್ತದೆ. ಉಗುರು ಕತ್ತರಿಸಿ, ಅಭ್ಯಾಸದ ನಂತರ ತಡಮಾಡದೆ ಸ್ನಾನ ಮಾಡಿ, ಚರ್ಮದ ಮೇಲೆ ಅದರ ಗುರುತು ಕಂಡರೆ ವಾಸಿಯಾಗುವವರೆಗೆ ಹೊರಗುಳಿಯುವುದು ಜೊತೆಗಾರರ ಮೇಲಿನ ಮರ್ಯಾದೆ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ತಗಡಿನ ಚಾವಣಿಯ ಸಭಾಂಗಣದಲ್ಲಿ ಸಂಜೆ ಐದಕ್ಕೆ ದಪ್ಪ ಉಡುಪು ತೊಟ್ಟು ಅಭ್ಯಾಸ ಮಾಡುವುದು ಅಪಾಯ. ಆ ಎರಡು ತಿಂಗಳು ತರಗತಿಯನ್ನು ನಸುಕಿಗೆ ಬದಲಿಸುವಂತೆ ಮಾಸ್ತರರನ್ನು ಎಲ್ಲರೂ ಸೇರಿ ಕೇಳಬಹುದು. ನಡುನಡುವೆ ನೀರು, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಬೇಕು. ನೀರು ಕುಡಿಯಲು ಬಿಡದಿರುವುದನ್ನು ಶಿಸ್ತು ಎನ್ನುವ ತರಗತಿಯನ್ನು ಬಿಟ್ಟುಬಿಡಬೇಕು. ಯಾರಾದರೂ ತಡಬಡಿಸಿ ಸಂಬಂಧವಿಲ್ಲದ ಮಾತಾಡತೊಡಗಿದರೆ, ಬೆವರುತ್ತಿದ್ದರೂ ಸರಿಯೇ, ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.