ಹರಳು ಕಿಡ್ನಿಯಲ್ಲಿ, ಸ್ಕ್ಯಾನ್ ಕುತ್ತಿಗೆಗೆ ಯಾಕೆ?

ಪ್ರಶ್ನೆ: ಸರ್, ನಮ್ಮ ಅವ್ವಗ 54 ವರ್ಷ. ಆರು ವರ್ಷದಾಗ ಮೂರು ಸಲ ಕಿಡ್ನಿ ಹರಳು ಆಗ್ಯಾವ. ನಮ್ಮದು ಮುಂಡರಗಿ ಕಡೆ ಹಳ್ಳಿ, ಬೋರ್ ನೀರಿಂದನ ಹಿಂಗಾಗತೈತಿ ಅಂತ ಎಲ್ಲಾರೂ ಅಂತಾರ. ಈಗ ಹುಬ್ಬಳ್ಳಿ ಡಾಕ್ಟರು ಕ್ಯಾಲ್ಸಿಯಂ 11.4 ಐತಿ, ಕುತ್ತಿಗಿ ಸ್ಕ್ಯಾನ್ ಮಾಡಸ್ರಿ ಅಂದಾರ. ಹರಳು ಇರೋದು ಕಿಡ್ನ್ಯಾಗ, ಕುತ್ತಿಗಿಗೆ ಯಾಕ್ರೀ?

11.4 ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿಯೇ, ನಿಮ್ಮ ಡಾಕ್ಟರು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಆದರೆ ಸ್ಕ್ಯಾನ್‌ಗೆ ದುಡ್ಡು ಕಟ್ಟುವ ಮೊದಲು ಒಂದು ಮಾತು ಕೇಳಿ: ಪಿಟಿಎಚ್ ಟೆಸ್ಟ್ ಆಗಿದೆಯಾ?

ಕುತ್ತಿಗೆಯಲ್ಲಿ ಥೈರಾಯ್ಡ್ ಇರುವುದು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೆ ಅಂಟಿಕೊಂಡು ತೊಗರಿಬೇಳೆಯಷ್ಟೇ ಇರುವ ಗ್ರಂಥಿಗಳಿವೆ, ಸಾಮಾನ್ಯವಾಗಿ ನಾಲ್ಕು. ಹೆಸರು ಪ್ಯಾರಾಥೈರಾಯ್ಡ್. ಹೆಸರಲ್ಲಿ ಥೈರಾಯ್ಡ್ ಇದ್ದರೂ ಕೆಲಸ ಪೂರ್ತಿ ಬೇರೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಇವು ಪಿಟಿಎಚ್ ಅನ್ನೋ ಹಾರ್ಮೋನ್ ಬಿಡುತ್ತವೆ. ಅದು ಎಲುಬಿನಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ತರುತ್ತದೆ. ಸಾಕಾಯಿತು ಅನ್ನುವಾಗ ಸುಮ್ಮನಾಗಬೇಕು. ನಾಲ್ಕರಲ್ಲಿ ಒಂದು ಗಡ್ಡೆಯಾಗಿ ಬೆಳೆದರೆ ಸುಮ್ಮನಾಗುವುದಿಲ್ಲ, ಟ್ಯಾಂಕ್ ತುಂಬಿ ಅಂಗಳಕ್ಕೆ ನೀರು ಸುರಿದರೂ ಮೋಟರ್ ಓಡುತ್ತಲೇ ಇದ್ದ ಹಾಗೆ. ಎಲುಬು ಸವೆಯುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಮೂತ್ರಕ್ಕೂ ಜಾಸ್ತಿ ಇಳಿದು ಹರಳಾಗಿ ಕೂರುತ್ತದೆ. ಮಲಬದ್ಧತೆ, ಬಾಯಾರಿಕೆ, ಸುಸ್ತು, ಮನಸ್ಸಿಗೆ ಬೇಸರ, ಇವೂ ಅದರ ಜೊತೆಗೇ ಬರಬಹುದು. ಅವ್ವನನ್ನ ಒಂದು ಸಲ ಕೇಳಿ ನೋಡಿ. 'ವಯಸ್ಸಾಯ್ತಲ್ಲ' ಅಂತ ಬಿಟ್ಟಿರುತ್ತಾರೆ.

ಇನ್ನು ಪಿಟಿಎಚ್ ಮಾತು. ಕ್ಯಾಲ್ಸಿಯಂ ಜಾಸ್ತಿ ಇದ್ದಾಗ ಈ ಹಾರ್ಮೋನ್ ನೆಲ ಕಚ್ಚಿರಬೇಕು. ಅದೂ ಜಾಸ್ತಿ ಇದ್ದರೆ ಕಳ್ಳ ಹೆಚ್ಚುಕಡಿಮೆ ಸಿಕ್ಕ ಹಾಗೇ. ಜನ ಮೋಸ ಹೋಗುವುದು ಇನ್ನೊಂದು ಕಡೆ: ಕ್ಯಾಲ್ಸಿಯಂ 11.4, ಪಿಟಿಎಚ್ 55 ಅಂದುಕೊಳ್ಳಿ. ಲ್ಯಾಬಿನ ರೇಂಜ್ 15ರಿಂದ 65 ಅಂತ ಇರುತ್ತದೆ, ಹಾಗಾಗಿ ರಿಪೋರ್ಟಿನಲ್ಲಿ ಕೆಂಪು ಗುರುತು ಬೀಳುವುದಿಲ್ಲ, 'ನಾರ್ಮಲ್ ಐತಿ' ಅಂತ ಮಡಚಿ ಕ್ಯಾರಿಬ್ಯಾಗಿಗೆ ಹಾಕುತ್ತಾರೆ. ಅದು ನಾರ್ಮಲ್ ಅಲ್ಲ. ಅಷ್ಟು ಕ್ಯಾಲ್ಸಿಯಂ ಇರುವಾಗ 55 ಇರುವುದೇ ತಪ್ಪು. ಎರಡೂ ನಂಬರನ್ನ ಅಕ್ಕಪಕ್ಕ ಇಟ್ಟೇ ಓದಬೇಕು. ಪಿಟಿಎಚ್ ನಿಜಕ್ಕೂ ತಳದಲ್ಲಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕಾಗುತ್ತದೆ. ಯಾವುದಾದರೂ ಕ್ಯಾನ್ಸರ್ ಇರಬಹುದು, ಕೆಲವೊಮ್ಮೆ ಟಿಬಿ, ಇಲ್ಲಾ ಮೊಣಕಾಲು ನೋವಿಗೆ ಅಂತ ಮೇಲಿಂದ ಮೇಲೆ ಚುಚ್ಚಿಸಿಕೊಂಡ 6 ಲಕ್ಷ ಯೂನಿಟ್‌ನ ವಿಟಮಿನ್ ಡಿ ಇಂಜೆಕ್ಷನ್.

ಆ 11.4 ನಿಜವೇ ಅಂತಲೂ ನೋಡಿ. ನಾನು ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದಾಗ ಒಬ್ಬ ಅಜ್ಜಿಯ ನರ ಸಿಗಲೇ ಇಲ್ಲ. ರಟ್ಟೆಗೆ ರಬ್ಬರ್ ಪಟ್ಟಿ ಬಿಗಿದು, ಮುಷ್ಟಿ ಹಿಡೀರಿ ಬಿಡ್ರಿ ಅಂತ ಹೇಳುತ್ತಾ ಐದು ನಿಮಿಷ ತಡಕಾಡಿದೆ. ಕ್ಯಾಲ್ಸಿಯಂ 10.9 ಬಂತು. ಮರುದಿನ ಪಟ್ಟಿ ಸಡಿಲ ಬಿಟ್ಟು ತೆಗೆದರೆ 10.1. ತಪ್ಪು ಅಜ್ಜಿಯದಲ್ಲ, ನನ್ನದು. ಅದಕ್ಕೇ ಒಂದು ಸಲ ಜಾಸ್ತಿ ಬಂದರೆ ಇನ್ನೊಂದು ಸಲ ಮಾಡಿಸಿ, ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಟೆಸ್ಟ್ ಜೊತೆಗೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೋತಿದ್ದರೆ ಹೇಳಿ, ಕೆಲವು ಮಷೀನುಗಳಲ್ಲಿ ಪಿಟಿಎಚ್ ಸುಳ್ಳು ಕಡಿಮೆ ತೋರಿಸುತ್ತದೆ. ಬಿಪಿಗೆ ಕೊಡುವ ಕೆಲವು ಮೂತ್ರದ ಮಾತ್ರೆಗಳೂ ಕ್ಯಾಲ್ಸಿಯಂ ಏರಿಸುತ್ತವೆ. 24 ತಾಸಿನ ಮೂತ್ರ ಕ್ಯಾನಿನಲ್ಲಿ ಹಿಡಿದು ತನ್ನಿ ಅಂದರೆ ಬೇಜಾರಾಗಬೇಡಿ. ಹುಟ್ಟಿನಿಂದಲೇ ಕ್ಯಾಲ್ಸಿಯಂ ಸ್ವಲ್ಪ ಜಾಸ್ತಿ ಇರುವ ಮನೆತನಗಳಿವೆ. ಅವರ ಮೂತ್ರದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಅವರಿಗೆ ಆಪರೇಷನ್ನಿನಿಂದ ಏನೂ ಪ್ರಯೋಜನವಿಲ್ಲ.

ನೀರಿನ ವಿಷಯ ಪೂರ್ತಿ ಸುಳ್ಳಲ್ಲ. ಮುಂಡರಗಿ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದು ನಿಜ, ಅದರಿಂದ ಎಲುಬು, ಕೀಲು ನೋಯುವುದೂ ನಿಜ. ಅದೇ ತೊಂದರೆ ಕೂಡ, ಯಾಕಂದ್ರೆ ಎಲುಬಿನ ಪ್ರತಿ ನೋವನ್ನೂ ನೀರಿನ ಲೆಕ್ಕಕ್ಕೆ ಬರೆದು ಕುತ್ತಿಗೆಯ ಕಡೆ ಯಾರೂ ನೋಡುವುದಿಲ್ಲ. ಹುರುಳಿ ಕಟ್ಟು, ಬಾಳೆದಿಂಡಿನ ರಸ ಕುಡಿಯಲಿ, ಬೇಡ ಅನ್ನಲ್ಲ. ಗಡ್ಡೆ ಅದಕ್ಕೆಲ್ಲ ಬಗ್ಗುವುದಿಲ್ಲ. ಹಾಲು ಮೊಸರು ಮಾತ್ರ ಬಿಡಿಸಬೇಡಿ, ಮೊದಲೇ ಸವೆದ ಎಲುಬಿಗೆ ಅದು ಇನ್ನೊಂದು ಪೆಟ್ಟು.

ಈಗ ಸ್ಕ್ಯಾನ್. ಕುತ್ತಿಗೆಯ ಅಲ್ಟ್ರಾಸೌಂಡ್, ಸೆಸ್ಟಮಿಬಿ ಸ್ಕ್ಯಾನ್, ಇವು ಗಡ್ಡೆಯ ಅಡ್ರೆಸ್ ಹುಡುಕಲಿಕ್ಕೆ. ಕಾಯಿಲೆ ಇದೆಯೋ ಇಲ್ಲವೋ ಅಂತ ಹೇಳುವುದು ರಕ್ತ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಅಂದರೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ, ಮನೆ ಸಿಕ್ಕಿಲ್ಲ ಅಷ್ಟೇ. 1925ರಲ್ಲಿ ವಿಯೆನ್ನಾದ ಸರ್ಜನ್ ಫೆಲಿಕ್ಸ್ ಮಾಂಡ್ಲ್ ಎಲುಬು ಸವೆದುಹೋಗಿದ್ದ ಟ್ರಾಮ್ ಕಂಡಕ್ಟರ್ ಒಬ್ಬನಿಗೆ ಈ ಗಡ್ಡೆ ತೆಗೆದರು. ತಮಾಷೆ ಅಂದರೆ, ಹಾರ್ಮೋನ್ ಕಡಿಮೆಯಾಗಿದೆ ಅಂದುಕೊಂಡು ಮೊದಲು ಅವನಿಗೆ ಬೇರೆಯವರ ಗ್ರಂಥಿಯನ್ನೇ ಕಸಿ ಮಾಡಿ ನೋಡಿದ್ದರು! ಆಗ ಪಿಟಿಎಚ್ ಅಳೆಯುವ ದಾರಿ ಇರಲಿಲ್ಲ.

'ಗಡ್ಡೆ ಅಂದ್ರ ಕ್ಯಾನ್ಸರ್ ಏನ್ರೀ?' ಅನ್ನುವುದು ನಿಮ್ಮ ಮುಂದಿನ ಪ್ರಶ್ನೆ ಅಂತ ಗೊತ್ತು. ನೂರರಲ್ಲಿ ಒಂದೂ ಇರುವುದಿಲ್ಲ. ಮಾತ್ರೆಯಿಂದ ಕ್ಯಾಲ್ಸಿಯಂ ಇಳಿಸಬಹುದು, ಗಡ್ಡೆ ಹೋಗುವುದಿಲ್ಲ. ಹರಳು ಆಗಿರುವುದರಿಂದ ನಿಮ್ಮ ಅವ್ವನಿಗೆ ಸಾಮಾನ್ಯವಾಗಿ ಆಪರೇಷನ್ನೇ ಹೇಳುತ್ತಾರೆ. ಅಡ್ರೆಸ್ ಸಿಕ್ಕಿದ್ದರೆ ಎರಡು ಮೂರು ಸೆಂಟಿಮೀಟರ್ ಗಾಯ ಸಾಕು. ಗಡ್ಡೆ ತೆಗೆದ ಹತ್ತು ನಿಮಿಷಕ್ಕೆ ರಕ್ತ ನೋಡುತ್ತಾರೆ, ಪಿಟಿಎಚ್ ಅರ್ಧಕ್ಕಿಂತ ಕೆಳಗೆ ಬಿದ್ದರೆ ಸರಿಯಾದದ್ದೇ ಹೊರಗೆ ಬಂತು ಅಂತ. ಧ್ವನಿಯ ನರ ಪಕ್ಕದಲ್ಲೇ ಹಾದುಹೋಗುತ್ತದೆ, ಹಾಗಾಗಿ ಈ ಆಪರೇಷನ್ ಎಷ್ಟು ಮಾಡಿದ್ದೀರಿ ಅಂತ ಸರ್ಜನ್ನರನ್ನ ಸಂಕೋಚವಿಲ್ಲದೆ ಕೇಳಿ. ಮನೆಯಲ್ಲಿ ಇನ್ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೀಗೆ ಆಗಿದ್ದರೆ ಅದನ್ನೂ ಹೇಳಿ, ಕೆಲವರಲ್ಲಿ ಇದು ವಂಶದಲ್ಲೇ ಬರುತ್ತದೆ.

ಆಪರೇಷನ್ ಆದ ಮೇಲೆ ಮೊದಲ ಕೆಲವು ದಿನ ಹಸಿದ ಎಲುಬು ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ತುಟಿ ಸುತ್ತ, ಬೆರಳ ತುದಿ ಜುಮು ಜುಮು ಅಂದರೆ ಕ್ಯಾಲ್ಸಿಯಂ ತೀರಾ ಇಳಿದಿದೆ ಅಂತ, ತಡ ಮಾಡದೆ ಡಾಕ್ಟರಿಗೆ ಫೋನ್ ಮಾಡಬೇಕು. ನಿಮ್ಮ ಅವ್ವ ಅದನ್ನ ತಾನಾಗಿ ಹೇಳಲಿಕ್ಕಿಲ್ಲ, 'ಏನಿಲ್ಲ ಬಿಡೋ' ಅಂದುಬಿಡುತ್ತಾರೆ. ಬೆಳಿಗ್ಗೆ ಸಂಜೆ ನೀವೇ ಕೇಳಿ.