ಹೋಮೋ ಫ್ಲೋರೆಸಿಯೆನ್ಸಿಸ್: ಕುಳ್ಳತನವೊಂದೇ ಗುರುತಲ್ಲ

ಹೋಮೋ ಫ್ಲೋರೆಸಿಯೆನ್ಸಿಸ್ ಈಗ ಅಳಿದುಹೋಗಿರುವ ಒಂದು ಮಾನವ ಪ್ರಭೇದ. ಕುಳ್ಳತನವೇ ಅದರ ಗುರುತು ಎಂದುಕೊಳ್ಳುವವರುಂಟು. ಮೊದಲು ಹೆಸರನ್ನೇ ನೋಡೋಣ. ‘ಹೋಮೋ’ ಎಂದರೆ ಮಾನವ ಕುಲ. ಹೋಮೋ ಸೇಪಿಯನ್ಸ್ ಆದ ನಾವೂ ಅದೇ ಕುಲದವರು. ಲ್ಯಾಟಿನ್ನಿನ ‘ಎನ್ಸಿಸ್’ ಎಂಬ ಪ್ರತ್ಯಯಕ್ಕೆ ‘ಆ ನೆಲದ, ಆ ಊರಿನ’ ಎಂದರ್ಥ. ಕನ್ನಡದಲ್ಲಿ ‘ಫ್ಲೋರೆಸ್ಸಿನ ಮಾನವ’ ಎನ್ನಬಹುದು. ಫ್ಲೋರೆಸ್ ಇಂಡೋನೇಷ್ಯಾದ ಒಂದು ದ್ವೀಪ. ಹೆಸರಿನಲ್ಲಿರುವುದು ನೆಲ, ಎತ್ತರವಲ್ಲ. ಪತ್ರಿಕೆಗಳು ಹಬ್ಬಿಸಿದ ‘ಹಾಬಿಟ್’ (ಟೋಲ್ಕಿನ್ ಕಥೆಗಳ ಕುಳ್ಳ ಜನ) ಬರೀ ಅಡ್ಡಹೆಸರು. ಅದರಿಂದಾಗಿ ಎಲ್ಲರ ಕಣ್ಣೂ ಮೂರೂವರೆ ಅಡಿಯ ಮೈಮೇಲೇ ನೆಟ್ಟಿದೆ.

ಮೈಕ್ ಮಾರ್‌ವುಡ್ ಮತ್ತು ಆರ್. ಪಿ. ಸುಯೋನೊ ಮುಂದಾಳತ್ವದ ಆಸ್ಟ್ರೇಲಿಯಾ–ಇಂಡೋನೇಷ್ಯಾ ತಂಡಕ್ಕೆ 2003ರ ಸೆಪ್ಟೆಂಬರ್‌ನಲ್ಲಿ ಫ್ಲೋರೆಸ್ಸಿನ ಲಿಯಾಂಗ್ ಬುವಾ ಎಂಬ ಸುಣ್ಣಕಲ್ಲಿನ ಗುಹೆಯಲ್ಲಿ, ಸುಮಾರು 6 ಮೀಟರ್ ಆಳದಲ್ಲಿ, ಈ ಪ್ರಭೇದದ ಒಂದು ಅಸ್ಥಿಪಂಜರ ಸಿಕ್ಕಿತು. ಮೂಳೆಗಳು ಕಲ್ಲಾಗಿರಲಿಲ್ಲ. ಒದ್ದೆ ಕಾಗದದ ಮುದ್ದೆಯಷ್ಟು ಮೆತ್ತಗಿದ್ದವು, ಮುಟ್ಟಿದರೆ ಕುಸಿಯುತ್ತಿದ್ದವು. ಅದಕ್ಕೇ ಮೊದಲು ಇದ್ದಲ್ಲೇ ಒಣಗಲು ಬಿಟ್ಟು, ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅಂಟು ಕಲಸಿ ಹಚ್ಚಿ ಗಟ್ಟಿಮಾಡಿ, ಸುತ್ತಲಿನ ಮಣ್ಣಿನ ಸಮೇತ ಮೇಲೆತ್ತಿದರು. ಗುಹೆಯ ಹೆಸರಿನಿಂದಲೇ ಆ ಪಂಜರಕ್ಕೆ ‘ಎಲ್‌ಬಿ1’ ಎಂಬ ಗುರುತು ಬಂತು.

ಎಲ್‌ಬಿ1 ಸುಮಾರು 30 ವರ್ಷದ ಹೆಂಗಸು. ಎತ್ತರ 106 ಸೆಂ.ಮೀ. ಮಿದುಳು ಸುಮಾರು 400 ಘನ ಸೆಂ.ಮೀ., ಅಂದರೆ ನಮ್ಮದರ ಮೂರನೇ ಒಂದು ಪಾಲಿಗೂ ಕಡಿಮೆ. 2004ರಲ್ಲಿ ಹೊಸ ಪ್ರಭೇದವೆಂದು ಪ್ರಕಟವಾದಾಗ ‘ಇದು ಕಾಯಿಲೆಯಿಂದ ತಲೆ ಬೆಳೆಯದೆ ಹೋದ ನಮ್ಮಂಥ ಮನುಷ್ಯಳೇ’ ಎಂಬ ಬಲವಾದ ಆಕ್ಷೇಪವೆದ್ದಿತು. ಅಲ್ಲೇ ನೋಡಿ, ಎತ್ತರವೊಂದರಿಂದಲೇ ಬೇರೆ ಪ್ರಭೇದ ಎನ್ನುವ ವಾದ ಕೈಕೊಡುತ್ತದೆ. ಕುಳ್ಳತನಕ್ಕೆ ಕಾಯಿಲೆಯೂ ಕಾರಣವಾಗಬಹುದಲ್ಲ!

ವಾದಕ್ಕೆ ಗಟ್ಟಿ ಉತ್ತರ ಕೊಟ್ಟಿದ್ದು ಮಣಿಕಟ್ಟು. ತೋರುಬೆರಳಿನ ಬುಡಕ್ಕೆ ಕೂರುವ ಟ್ರಪಿಜಾಯ್ಡ್ ಎಂಬ ಪುಟ್ಟ ಮೂಳೆ ನಮ್ಮಲ್ಲೂ, ಅಳಿದುಹೋದ ನಮ್ಮ ಹತ್ತಿರದ ನೆಂಟರಾದ ನಿಯಾಂಡರ್ಥಾಲರಲ್ಲೂ ಬೂಟಿನಾಕಾರದ್ದು. ಎಲ್‌ಬಿ1ರಲ್ಲಿ ಅದು ಚಿಂಪಾಂಜಿಯದರಂತೆ ಬೆಣೆಯಾಕಾರದ್ದೆಂದು 2007ರಲ್ಲಿ ಮ್ಯಾಥ್ಯೂ ಟೊಚೆರಿ ತಂಡ ತೋರಿಸಿತು. ಆ ಆಕಾರ ಮಗು ಗರ್ಭದಲ್ಲಿದ್ದ ಮೊದಲ ತಿಂಗಳುಗಳಲ್ಲೇ ನಿರ್ಧಾರವಾಗುವಂಥದ್ದು, ಆಮೇಲೆ ಬಂದ ಕಾಯಿಲೆ ಅದನ್ನು ತಿದ್ದಲಾರದು. ಪಾದವೂ ಬೇರೆಯೇ. ತೊಡೆಮೂಳೆ 28 ಸೆಂ.ಮೀ., ಪಾದ ಹೆಚ್ಚುಕಡಿಮೆ 20 ಸೆಂ.ಮೀ., ಅಂದರೆ ಶೇ. 70. ನಮ್ಮಲ್ಲಿ ಈ ಪ್ರಮಾಣ ಶೇ. 55ರ ಆಸುಪಾಸು. ನಮ್ಮಂತೆ ಮುಂಚಾಚಿದ ಗದ್ದವೂ ಇಲ್ಲ.

ಕಾಲನಿರ್ಣಯದಲ್ಲಿ ಮಾತ್ರ ದೊಡ್ಡ ಎಡವಟ್ಟಾಯಿತು. ಮೂಳೆಗಳು 18,000 ವರ್ಷ ಹಳೆಯವು, ಈ ಜನ 12,000 ವರ್ಷದ ಹಿಂದಿನವರೆಗೂ ಇದ್ದರು ಎಂದು ಮೊದಲು ಹೇಳಿದರು. ಮುಂದಿನ ಅಗೆತಗಳಲ್ಲಿ ತಪ್ಪಿನ ಮೂಲ ಸಿಕ್ಕಿತು. ಮೂಳೆಯಿದ್ದ ಹಳೆಯ ಪದರ ಸವೆದು ಇಳಿಜಾರಾಗಿತ್ತು, ಅದರ ಮಗ್ಗುಲಿಗೇ ಹೊಸ ಮಣ್ಣು ತುಂಬಿಕೊಂಡಿತ್ತು. ಒಂದೇ ಆಳದಲ್ಲಿ ಅಕ್ಕಪಕ್ಕ ಇದ್ದರೂ ಒಂದೇ ಕಾಲದ್ದಲ್ಲ. ಕಾಲ ತಿಳಿಯಲು ಅಳೆದ ಇದ್ದಿಲು ಹೊಸ ಮಣ್ಣಿನದ್ದಾಗಿತ್ತು. ಖುದ್ದು ಮೂಳೆಗಳನ್ನೂ ಯುರೇನಿಯಂ–ಥೋರಿಯಂ ವಿಧಾನದಲ್ಲಿ (ಯುರೇನಿಯಂ ಎಷ್ಟು ಥೋರಿಯಂ ಆಗಿದೆಯೆಂದು ಅಳೆದು ವಯಸ್ಸು ಹೇಳುವ ಕ್ರಮ) ಪರೀಕ್ಷಿಸಿ, 2016ರಲ್ಲಿ ಲೆಕ್ಕ ತಿದ್ದಿದರು: ಮೂಳೆಗಳು 1,00,000ದಿಂದ 60,000 ವರ್ಷ ಹಳೆಯವು, ಅವರ ಕಲ್ಲಿನ ಉಪಕರಣಗಳು 1,90,000ದಿಂದ 50,000 ವರ್ಷ. ಎಲ್ಲಾದರೂ ‘12,000 ವರ್ಷ’ ಎಂದು ಓದಿದರೆ ಅದು ಹಳೆಯ ಲೆಕ್ಕ.

ಇಷ್ಟು ಕುಳ್ಳಾಗಿದ್ದು ಹೇಗೆ? ಆಹಾರ ಮಿತವಾದ ದ್ವೀಪದಲ್ಲಿ ದೊಡ್ಡ ಪ್ರಾಣಿಗಳು ತಲೆಮಾರುಗಳ ಮೇಲೆ ಚಿಕ್ಕದಾಗುವುದುಂಟು, ಇದನ್ನು ‘ದ್ವೀಪ ಕುಬ್ಜತೆ’ ಎನ್ನುತ್ತಾರೆ. ಆನೆಯ ದೂರದ ನೆಂಟ ಸ್ಟೆಗೋಡಾನ್ ಫ್ಲೋರೆಸ್‌ನಲ್ಲಿ ಹಾಗೇ ಗಿಡ್ಡವಾಗಿತ್ತು. ಹೋಮೋ ಎರೆಕ್ಟಸ್ ಎಂಬ ಹಳೆಯ ಮಾನವ ಪ್ರಭೇದ ಇಲ್ಲಿಗೆ ಬಂದು ಕುಗ್ಗಿತೆಂಬುದು ಒಂದು ಪಕ್ಷ. ಮೊದಲೇ ಚಿಕ್ಕದಾಗಿದ್ದ, ಇನ್ನೂ ಹಳೆಯ ಪ್ರಭೇದ ಬಂದಿತೆಂಬುದು ಇನ್ನೊಂದು. ಫ್ಲೋರೆಸ್ಸಿನದೇ ಮಾತಾ ಮೆಂಗೆ ಎಂಬಲ್ಲಿ ಸಿಕ್ಕ ಸುಮಾರು 7,00,000 ವರ್ಷ ಹಿಂದಿನ ದವಡೆ, ಹಲ್ಲುಗಳೂ ಪುಟ್ಟವೇ. ಅಂದರೆ ಕುಗ್ಗಿದ್ದೇ ಆದರೆ ಅದು ಬಹಳ ಹಿಂದೆಯೇ ಆಗಿದೆ. ನನಗೆ ಮೊದಲ ಪಕ್ಷ ಹೆಚ್ಚು ಒಪ್ಪಿಗೆಯಾದರೂ ಮಣಿಕಟ್ಟಿನ ಹಳೆಯ ಆಕಾರ ಅದಕ್ಕೆ ಸುಲಭವಾಗಿ ಹೊಂದುವುದಿಲ್ಲ.

ಗುಹೆಯ ಸಮೀಪದ ರಾಂಪಾಸಾಸಾ ಎಂಬ ಹಳ್ಳಿಯಲ್ಲಿ ಇಂದಿಗೂ ಕುಳ್ಳ ಜನರಿದ್ದಾರೆ. ಅವರನ್ನು ಈ ಪ್ರಭೇದದ ಸಂತತಿ ಎನ್ನುವುದು ತಪ್ಪು: 2018ರ ಜೀನೋಮ್ ಅಧ್ಯಯನದಲ್ಲಿ ಅಂಥ ಬೆರಕೆಯ ಸುಳಿವು ಸಿಗಲಿಲ್ಲ. ಅವರು ನಮ್ಮದೇ ಪ್ರಭೇದದವರು.